ಹೋಬರ್ಟನ ಪಾಲಿನ ಔಷಧಿ

ಟ್ವೈಲಾ ಬೆಳಿಗ್ಗೆ ಎದ್ದ ಕೂಡಲೇ, ಮುಖಕ್ಕೆ ನೀರು ಹಾಕುವ ಮೊದಲೇ, ಒಂದು ಫೋನ್ ಮಾಡಬೇಕಿತ್ತು. ಆ ಕಡೆಯಿಂದ ಯಂತ್ರವೊಂದು ಮಾತಾಡುತ್ತಿತ್ತು. ಇವತ್ತು ಬಾ ಅನ್ನುತ್ತಿತ್ತು, ಇಲ್ಲವೇ ಬರಬೇಡ ಅನ್ನುತ್ತಿತ್ತು. ಬಾ ಅಂದ ದಿನ ಅವಳು ಬೆಟ್ಟ ಇಳಿದು ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಎದುರಿಗೆ ನಿಂತು ನೋಡುತ್ತಿರುವಾಗ ಪ್ಲಾಸ್ಟಿಕ್ ಲೋಟಕ್ಕೆ ಉಚ್ಚೆ ಹೊಯ್ದು ಕೊಡಬೇಕು. ಪರೀಕ್ಷೆಯ ಖರ್ಚೂ ಅವಳದ್ದೇ. ಆಮೇಲೆ ಏದುಸಿರು ಬಿಡುತ್ತ ಕೆಲಸಕ್ಕೆ ಬರಬೇಕು. ತಡವಾದರೆ ಪೆಲ್‌ಫ್ರಿ ಸಾಹೇಬರು ಗೋಡೆಯ ಗಡಿಯಾರ ನೋಡಿ, ಅವಳ ಮುಖ ನೋಡಿ, ನಿಟ್ಟುಸಿರು ಬಿಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೀಗೆ ಐದು ವರ್ಷ ನಡೆಯಿತು.

ನಾನು ಮೊಜೆಲ್. ಟ್ವೈಲಾ ನರ್ಸ್ ಆಗಿದ್ದ ವೃದ್ಧಾಶ್ರಮದಲ್ಲೇ ನಾನು ಆಯಾ. ಮುದುಕರನ್ನು ಎತ್ತುವುದು, ಒರೆಸುವುದು, ಉಣಿಸುವುದು ನನ್ನ ಕೆಲಸ. ಔಷಧಿ ಕೊಡುವುದು ಅವಳ ಕೆಲಸ. ಅಮೆರಿಕದ ನಮ್ಮ ಅಪಲೇಚಿಯಾ ಬೆಟ್ಟಗಳಲ್ಲಿ ಕಲ್ಲಿದ್ದಲು ಗಣಿಗಳು ಮುಚ್ಚಿದ ಮೇಲೆ ಉಳಿದ ಕೆಲಸ ಅಂದರೆ ಇಂಥವೇ. ಗಣಿಯಲ್ಲಿ ಶ್ವಾಸಕೋಶ ಸುಟ್ಟುಕೊಂಡವರನ್ನು ನೋಡಿಕೊಂಡು ಅವರ ಮಕ್ಕಳು ಹೊಟ್ಟೆ ಹೊರೆಯಬೇಕು. ಪೆಲ್‌ಫ್ರಿ ಸಾಹೇಬರು ಆ ಆಶ್ರಮದ ಆಡಳಿತಾಧಿಕಾರಿ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಭಾನುವಾರ ಚರ್ಚಿನಲ್ಲಿ ಮುಂದಿನ ಸಾಲು.

ಟ್ವೈಲಾ ಕೆಟ್ಟದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಅದರಲ್ಲಿ ಹೊಸದೇನಿಲ್ಲ, ನಮ್ಮೂರಿನಲ್ಲಿ ಮನೆಗೊಂದು ಅಂಥ ಕಥೆ ಇದೆ. ಭಾರಿ ಮೈಯ ಮುದುಕನೊಬ್ಬ ಸ್ನಾನದ ಮನೆಯಲ್ಲಿ ಜಾರಿದ. ಆಯಾಗಳು ಸಾಲದೆ ಇವಳೇ ಎತ್ತಲು ಹೋದಳು. ಸೊಂಟ ಕಿತ್ತುಕೊಂಡಿತು. ಡಾಕ್ಟರು ಅಫೀಮಿನ ಜಾತಿಯ ನೋವಿನ ಮಾತ್ರೆ ಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಡಾಕ್ಟರು ನಿಲ್ಲಿಸಿದರು, ಮೈ ನಿಲ್ಲಿಸಲಿಲ್ಲ. ಆಶ್ರಮದ ಔಷಧಿ ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಒಂದು ದಿನ ಲೆಕ್ಕಕ್ಕೆ ಮಾತ್ರೆ ಕಡಿಮೆ ಬಿತ್ತು. ಸಿಕ್ಕಿಬಿದ್ದಳು. ನರ್ಸಿಂಗ್ ಮಂಡಳಿಯವರು, ಚಟ ಬಿಡಿಸುವ ಕೇಂದ್ರಕ್ಕೆ ಹೋಗು, ಐದು ವರ್ಷ ನಮ್ಮ ನಿಗಾದಲ್ಲಿರು, ಲೈಸೆನ್ಸ್ ಉಳಿಸಿಕೋ ಅಂದರು. ಗಂಡ ಮಗಳನ್ನು ಕರೆದುಕೊಂಡು ನದಿಯಾಚೆ ರಾಜ್ಯದಲ್ಲಿರುವ ತನ್ನ ತಾಯಿಯ ಮನೆಗೆ ಹೋಗಿಬಿಟ್ಟ.

ನಿಗಾದಲ್ಲಿರುವ ನರ್ಸನ್ನು ಯಾವ ಆಸ್ಪತ್ರೆಯೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಪೆಲ್‌ಫ್ರಿ ಸಾಹೇಬರು ಬಿಟ್ಟುಕೊಂಡರು. ಊರೆಲ್ಲ ಅವರನ್ನು ಹೊಗಳಿತು. ಕಳ್ಳಿಯನ್ನೇ ಕರೆದು ಕೆಲಸ ಕೊಟ್ಟ ಪುಣ್ಯಾತ್ಮ ಅಂದಿತು. ಆ ಪುಣ್ಯಾತ್ಮ ಇಬ್ಬರು ನರ್ಸುಗಳ ಕೆಲಸವನ್ನು ಅವಳೊಬ್ಬಳಿಂದ ಮಾಡಿಸಿದ. ಸಂಬಳ ಹೊಸಬರಿಗಿಂತ ಕಡಿಮೆ. ಹಬ್ಬದ ದಿನವೆಲ್ಲ ಅವಳದ್ದೇ ಪಾಳಿ. ಯಾರೇ ಬರದಿದ್ದರೂ ಟ್ವೈಲಾ ನಿಲ್ಲುತ್ತಾಳೆ ಅಂತ ಅಡಿಗೆಯವನಿಗೂ ಗೊತ್ತಿತ್ತು. ಯಾಕೆಂದರೆ ಅವಳ ನಡತೆಯ ಬಗ್ಗೆ ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕಳಿಸುವವರು ಪೆಲ್‌ಫ್ರಿ ಸಾಹೇಬರು. ಅವರು ಒಂದು ಗೆರೆ ವಕ್ರವಾಗಿ ಬರೆದರೆ ಅಲ್ಲಿಗೆ ಮುಗಿಯಿತು.

ನಾನು ರೇಗುತ್ತಿದ್ದೆ. "ನಿಂಗೂ ಬಾಯಿ ಅನ್ನೋದು ಇದೆಯಲ್ಲೇ. ಇವತ್ತು ನಿಲ್ಲಾಕಾಗಲ್ಲ ಅಂತ ಒಂದ್ ಮಾತು ಹೇಳು."

"ಬಿಡಕ್ಕ," ಅನ್ನುತ್ತಿದ್ದಳು. "ನಾನು ಮಾಡಿದ್ದಕ್ಕೆ ಇದು ಏನೂ ಅಲ್ಲ."

ಅವಳ ಬಾಯಲ್ಲಿ ಬರುತ್ತಿದ್ದದ್ದು ಆ ಮಾತೇ. ಊಟಕ್ಕೆ ಕೂತರೆ ತಪ್ಪು, ಕೂರದಿದ್ದರೂ ತಪ್ಪು. ಯಾರೋ ಬೀಳಿಸಿದ ಚಮಚಕ್ಕೆ ಇವಳು ಕ್ಷಮೆ ಕೇಳುತ್ತಿದ್ದಳು. ಅಪರಾಧದ ಭಾವ ಅನ್ನುವುದು ಅವಳ ಮೂಗುದಾರವಾಗಿತ್ತು. ಅದರ ತುದಿ ಯಾರ ಕೈಯಲ್ಲಿತ್ತು ಅಂತ ನಮಗೆಲ್ಲ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

ಕೊನೆಗೂ ನಿಗಾ ಮುಗಿಯಿತು. ಆ ದಿನ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ, ಚಟ ಬಿಟ್ಟವರು ವಾರವಾರ ಸೇರುವ ಕೋಣೆಯಲ್ಲಿ, ಅವಳಿಗೊಂದು ಕೇಕ್ ತಂದಿದ್ದರು. ನಾನೂ ಹೋಗಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೇಕನ್ನು ತಾನು ತಿನ್ನದೆ ಎಲ್ಲರಿಗೂ ಹಂಚಿದಳು.

ಮಗಳು ಡಾರ್ಸಿಗೆ ಆಗ ಹನ್ನೊಂದು. ನದಿಯಾಚೆ ಕೋರ್ಟಿನ ನ್ಯಾಯಾಧೀಶರು ಒಂದು ಮಾತು ಹೇಳಿದ್ದರು. ಶಾಲೆ ಶುರುವಾಗುವ ಮೊದಲು ತಾಯಿ ಆ ಊರಿಗೇ ಬಂದು ಮನೆ ಮಾಡಿ, ಖಾಯಂ ಕೆಲಸ ಹಿಡಿದರೆ ಮಗು ಅರ್ಧ ವಾರ ಅವಳ ಜೊತೆ ಇರಬಹುದು. ಇಲ್ಲದಿದ್ದರೆ ಈಗಿನ ಹಾಗೆ ತಿಂಗಳಿಗೊಂದು ಶನಿವಾರ. ಅದೂ ಅಜ್ಜಿಯ ಕಣ್ಣೆದುರಿಗೆ, ಅಜ್ಜಿಯ ನಡುಮನೆಯಲ್ಲಿ.

ಆ ಊರಿನ ಆಸ್ಪತ್ರೆ ಕೆಲಸ ಕೊಡಲು ಒಪ್ಪಿತ್ತು. ಅಲ್ಲಿನ ಮುಖ್ಯ ನರ್ಸ್ ಒಳ್ಳೆಯ ಹೆಂಗಸು. ನಿಗಾ ಮುಗಿದಿದೆ ತಾನೇ, ನಮ್ಮ ರಾಜ್ಯದ ಲೈಸೆನ್ಸ್ ಮಾಡಿಸಿಕೊಂಡು ಬಾ, ಶಾಲೆ ತೆರೆಯುವವರೆಗೂ ಜಾಗ ಇಟ್ಟಿರುತ್ತೇನೆ ಅಂದಿದ್ದಳು. ಬೇರೆ ನರ್ಸುಗಳ ಲೈಸೆನ್ಸ್ ಸೇತುವೆ ದಾಟಿದರೂ ನಡೆಯುತ್ತದೆ. ನಿಗಾದಲ್ಲಿದ್ದವರದ್ದು ಮಾತ್ರ ಗಡಿಯಲ್ಲೇ ನಿಲ್ಲುತ್ತದೆ. ಮುಗಿಸಿದ ಮೇಲೂ ಆಚೆಯವರಿಗೆ ಹೊಸದಾಗಿ ಅರ್ಜಿ ಹಾಕಬೇಕು. ಹಿಂದೆ ಏನಾಗಿತ್ತು ಅಂತ ನಿನ್ನ ಮಾತಿನಲ್ಲೇ ಬರಿ ಅಂತ ಅವರು ಕೇಳುತ್ತಾರೆ.

ಅರ್ಜಿ ಬರೆಯಲು ಅವಳು ನನ್ನ ಮನೆಗೆ ಬಂದಳು. ಭಾನುವಾರ ಮಧ್ಯಾಹ್ನ. ನಾನು ಜೋಳದ ರೊಟ್ಟಿ, ಬೇಯಿಸಿದ ಪಿಂಟೊ ಕಾಳು ಮಾಡಿದ್ದೆ. ನಾಲ್ಕು ಸಾಲು ಗೀಚಿ ಮುಗಿಸು ಅಂದೆ. ಸೊಂಟ ನೋವಾಯಿತು, ಮಾತ್ರೆ ಕದ್ದೆ, ಚಿಕಿತ್ಸೆ ತೆಗೆದುಕೊಂಡೆ, ನಿಗಾ ಮುಗಿಸಿದೆ. ಅವರ ಹತ್ತಿರ ಇರುವುದೂ ಅಷ್ಟೇ, ಕೇಳಿರುವುದೂ ಅಷ್ಟೇ.

ಅವಳು ಬರೆಯುತ್ತ ಕೂತಳು. ಕಾಳು ಆರಿಹೋಯಿತು. ಅವಳು ಬರೆಯುತ್ತಲೇ ಇದ್ದಳು.

ಇಲ್ಲೊಂದು ಮಾತು ಹೇಳಬೇಕು. ಆ ನೆಲಮಾಳಿಗೆಯಲ್ಲಿ ಐದು ವರ್ಷ ಅವಳಿಗೆ ಕಲಿಸಿದ್ದು ಒಂದೇ ಪಾಠ. ಎಲ್ಲ ಹೇಳು. ಒಂದನ್ನು ಮುಚ್ಚಿಟ್ಟರೂ ಅದೇ ನಿನ್ನನ್ನು ಮತ್ತೆ ಮಾತ್ರೆಯ ಹತ್ತಿರ ಎಳೆದುಕೊಂಡು ಹೋಗುತ್ತದೆ. ನಮ್ಮ ನಿಮ್ಮಂಥವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇವೆ. ಸರ್ಕಾರದ ಕಾಗದದ ಮುಂದೆ ಇನ್ನೂ ಬಿಗಿಯಾಗುತ್ತೇವೆ. ಚಟದಿಂದ ಎದ್ದು ಬಂದವರು ಹಾಗಲ್ಲ. ಅವರಿಗೆ ಅರ್ಧ ಸತ್ಯ ಅಂದರೆ ವಿಷ. ಮಂಡಳಿಯ ಗುಮಾಸ್ತ ಯಾರು, ನೆಲಮಾಳಿಗೆಯ ಗೆಳೆಯ ಯಾರು ಅಂತ ವ್ಯತ್ಯಾಸ ಮಾಡಲು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಬರೆದದ್ದನ್ನು ನನ್ನ ಕಡೆ ತಳ್ಳಿದಳು. ನಾನು ಓದಿದೆ.

ಹೋಬರ್ಟ್ ಸ್ಟಿಲ್ಟ್ನರ್ ಅನ್ನುವ ಮುದುಕ ಆಗ ನಮ್ಮ ಆಶ್ರಮದಲ್ಲಿದ್ದ, ಈಗ ತೀರಿಕೊಂಡಿದ್ದಾನೆ. ಹಳೆಯ ಗಣಿ ಕೆಲಸಗಾರ, ಮೂಳೆಗೆ ಕ್ಯಾನ್ಸರ್. ಅವನಿಗೆ ನೋವಿಗೆ ನಾಲಿಗೆಯ ಕೆಳಗೆ ಹಾಕುವ ನೀಲಿ ಬಣ್ಣದ ಮಾರ್ಫಿನ್ ದ್ರವ ಇತ್ತು. ಟ್ವೈಲಾ ಸಿಕ್ಕಿಬೀಳುವ ಮುಂಚಿನ ಆರು ವಾರ ಅದನ್ನು ಅವಳು ಕುಡಿದಿದ್ದಳು. ಬಾಟಲಿಗೆ ನೀರು ತುಂಬಿ, ಈಸ್ಟರ್ ಹಬ್ಬದ ಮೊಟ್ಟೆಗೆ ಬಳಿಯುವ ನೀಲಿ ಬಣ್ಣ ಬೆರೆಸಿಟ್ಟಿದ್ದಳು. ಆ ನೀರನ್ನು ಅವನಿಗೆ ಹೊತ್ತುಹೊತ್ತಿಗೆ ತಪ್ಪದೆ ಹಾಕಿದ್ದಳು. ಇದು ಯಾವ ಕಡತದಲ್ಲೂ ಇರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ.

ಹೋಬರ್ಟನ ಆಯಾ ನಾನು. ಆ ಆರು ವಾರ ಅವನ ಹಾಸಿಗೆಯ ಪಕ್ಕ ಕೂತವಳು ನಾನು. ಹೊದಿಕೆ ಸರಿಸಿದರೂ ಅವನು ಕಿರುಚುತ್ತಿದ್ದ. ಗಣಿಯ ಚಾವಣಿ ಮೈಮೇಲೆ ಬಿದ್ದಿದೆ, ಎತ್ತಿ ಅನ್ನುತ್ತಿದ್ದ. ನನ್ನ ಕೈ ಹಿಡಿದು ಮೂಳೆ ನುರಿಯುವ ಹಾಗೆ ಹಿಸುಕುತ್ತಿದ್ದ. ಔಷಧಿ ಕೊಟ್ಟೆಯಾ ಅಂತ ನಾನು ಟ್ವೈಲಾಳನ್ನು ಕೇಳಿದರೆ, ಈಗ ತಾನೇ ಕೊಟ್ಟೆ ಅನ್ನುತ್ತಿದ್ದಳು.

ಎದ್ದು ಹೋಗಿ ಅವಳ ತಟ್ಟೆಯಲ್ಲಿದ್ದ ಕಾಳನ್ನು ನಾಯಿಗೆ ಹಾಕಿದೆ. ಅವಳು ನೋಡುತ್ತಿರಲಿ ಅಂತಲೇ ಹಾಕಿದೆ. ಅಷ್ಟು ಸಿಟ್ಟು ನನಗೆ ನನ್ನ ಗಂಡನ ಮೇಲೂ ಬಂದಿರಲಿಲ್ಲ.

"ಹೋಬರ್ಟನ ಮಗಳಿಗೆ ಹೇಳಿದ್ಯಾ?" ಅಂತ ಕೊನೆಗೆ ಕೇಳಿದೆ.

"ಹೇಳ್ಬೇಕು ಅಂತ ಹೋಗಿದ್ದೆ. ಕೆಲ್ಸಕ್ಕೆ ವಾಪಸ್ ಬಂದ ಮೊದಲ್ನೇ ವಾರಾನೇ. ಯಾವ್ದೇ ಮುದುಕರ ಮನೆಯವರ ಹತ್ರ ಹಳೇದು ಮಾತಾಡಿದ್ರೆ ವರದಿ ಬರೆಯಲ್ಲ ಅಂದ್ರು ಸಾಹೇಬ್ರು. ಹೆದ್ರಿಕೊಂಡೆ."

"ಈಗ ಹೆದ್ರಿಕೆ ಇಲ್ವಾ?"

"ಈಗ್ಲೂ ಇದೆ. ಆದ್ರೆ ಇದನ್ನ ಬರೀದೆ ಡಾರ್ಸಿ ಮುಂದೆ ಹೆಂಗ್ ನಿಂತ್ಕೊಳ್ಲಿ ಹೇಳಕ್ಕ."

ಮಗಳ ಮುಂದೆ ನಿಲ್ಲಲು ಬರೆಯುತ್ತಿದ್ದೀಯ, ಬರೆದರೆ ಮಗಳೇ ಸಿಗುವುದಿಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಹೋಬರ್ಟನ ಕೈ ಮಾತ್ರ ಕಾಣುತ್ತಿತ್ತು. ಅವಳು ಅರ್ಜಿ ಕಳಿಸಿದಳು.

ಎರಡು ವಾರ ನಾನು ಅವಳ ಜೊತೆ ಮಾತು ಬಿಟ್ಟೆ. ಅಷ್ಟರಲ್ಲಿ ನದಿಯಾಚೆಯಿಂದ ಉತ್ತರ ಬಂತು. ಅರ್ಜಿ ತಡೆಹಿಡಿದಿದ್ದೇವೆ, ಹೊಸ ವಿಷಯ ಹೊರಬಂದಿದೆ, ಆಶ್ರಮದಿಂದ ವಿವರಣೆ ಕೇಳಿದ್ದೇವೆ ಅಂತ. ಮಾರನೆಯ ದಿನ ಪೆಲ್‌ಫ್ರಿ ಸಾಹೇಬರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ನಮ್ಮ ಮುಂದೆ ಕಾಫಿ ಇಟ್ಟರು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕಾಫಿ ಸಿಕ್ಕಿದ್ದು ಅದೇ ಮೊದಲು.

ಅವರು ಸಿಟ್ಟಾಗಿರಲಿಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ಇದೇನೂ ಆಗದ ಕೆಲಸವಲ್ಲ, ಸರಿ ಮಾಡಬಹುದು. ಚಟ ಬಿಟ್ಟವರು ಮಾಡದ ತಪ್ಪನ್ನೂ ಮಾಡಿದೆ ಅಂತ ಒಪ್ಪಿಕೊಳ್ಳುತ್ತಾರೆ, ಅದು ಎಲ್ಲರಿಗೂ ಗೊತ್ತಿರುವುದೇ. ಹಾಗಂತ ನಾನೇ ಮಂಡಳಿಗೆ ಬರೆಯುತ್ತೇನೆ ಅಂದರು. ಹೋಬರ್ಟ್ ನೆಮ್ಮದಿಯಾಗಿದ್ದ ಅಂತ ಮೊಜೆಲ್ ಒಂದು ಸಹಿ ಹಾಕಿದರೆ ಸಾಕು. ಟ್ವೈಲಾ ಆಚೆಯ ಅರ್ಜಿಯನ್ನು ವಾಪಸ್ ತೆಗೆದುಕೊಂಡು ಇನ್ನೊಂದು ಮೂರು ವರ್ಷ ಇಲ್ಲೇ ಇರಲಿ. ಮನಸ್ಸು ಗಟ್ಟಿಯಾದ ಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ.

"ನಿಮ್ಮ ಇಲ್ಲಿನ ಲೈಸೆನ್ಸಾದ್ರೂ ಉಳಿಯತ್ತೆ," ಅಂದರು. "ಸಾಕ್ಷಿ ಅಂತ ಏನೂ ಇಲ್ಲ, ಯೋಚ್ನೆ ಮಾಡ್ಬೇಡಿ. ಆ ಬಾಟ್ಲಿ ನೋಡಿದ ತಕ್ಷಣ ನಾನೇ ಸಿಂಕಿಗೆ ಸುರಿದೆ."

ಟ್ವೈಲಾ ತಲೆ ಎತ್ತಿದಳು.

"ನಿಮ್ಗೆ ಗೊತ್ತಿತ್ತಾ?" ಅಂದಳು.

"ಗೊತ್ತಿತ್ತು ಅಂತಲ್ಲ. ಬಣ್ಣ ನೋಡಿ ಅನುಮಾನ ಬಂತು. ಮನೆಯವರಿಗೆ ಗೊತ್ತಾದ್ರೆ ಕೋರ್ಟು ಕಚೇರಿ, ತನಿಖೆಯವರು, ಪತ್ರಿಕೆಯವರು. ಈ ಆಶ್ರಮ ಮುಚ್ಚಿದ್ರೆ ನಿಮ್ಗೆ ಕೆಲ್ಸ ಯಾರ್ ಕೊಡ್ತಾರೆ? ನಿಮ್ಮೆಲ್ಲರನ್ನೂ ಕಾಪಾಡೋಕೆ ಮಾಡಿದ್ದು."

ಹೋಬರ್ಟ್ ನೋವಿನಲ್ಲಿದ್ದಾನೆ, ಔಷಧಿ ಹಿಡಿಯುತ್ತಿಲ್ಲ, ಡಾಕ್ಟರನ್ನು ಕರೆಸಿ ಅಂತ ನಾನು ಇದೇ ಕೋಣೆಗೆ ಮೂರು ಸಲ ಬಂದು ಹೇಳಿದ್ದೆ. ಮೂರು ಸಲವೂ ಅವರು, ಅವನಿಗೆ ಮತಿಭ್ರಮೆ, ಮಾತಿಗೆ ಅರ್ಥವಿಲ್ಲ, ನೀನು ನಿನ್ನ ಕೆಲಸ ನೋಡಿಕೋ ಅಂದಿದ್ದರು. ಅದನ್ನು ನೆನಪಿಸಿದೆ. ಅವರು ಕಾಫಿ ಕುಡಿದರು.

ನಾನು ಟ್ವೈಲಾಳ ಮುಖ ನೋಡಿದೆ. ಹೂಂ ಅನ್ನುತ್ತಾಳೆ ಅಂತಲೇ ಅಂದುಕೊಂಡೆ. ಐದು ವರ್ಷ ಹೂಂ ಬಿಟ್ಟು ಬೇರೇನನ್ನೂ ಅಂದವಳಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಆದರೆ ದನಿ ನಡುಗಲಿಲ್ಲ.

"ತಪ್ಪು ನಂದು, ಸಾಹೇಬ್ರೆ. ಪೂರ್ತಿ ನಂದೇ. ಆದ್ರೆ ಅದನ್ನ ಇನ್ಮೇಲೆ ನಿಮ್ಮತ್ರ ಅಡ ಇಟ್ಟು ಜೀತ ಮಾಡಲ್ಲ."

ಅವರು ನನ್ನ ಕಡೆ ತಿರುಗಿ, ನೀವಾದರೂ ಬುದ್ಧಿವಂತರು ಅಂದರು. ನನಗೆ ಓದು ಬರಹ ಅಷ್ಟಾಗಿ ಬರಲ್ಲ, ಅದರಲ್ಲೂ ಸುಳ್ಳು ಬರೆಯೋವಷ್ಟು ಬರಲ್ಲ ಅಂದೆ. ಕಾಫಿಯನ್ನು ಮುಟ್ಟದೆ ಎದ್ದೆವು. ಸಂಜೆಯ ಹೊತ್ತಿಗೆ ಇಬ್ಬರ ಕೆಲಸವೂ ಹೋಯಿತು. ಸಾಹೇಬರು ಅನ್ನುವುದನ್ನು ನಾನು ಅವತ್ತೇ ಬಿಟ್ಟೆ.

ಕಾರಿನಲ್ಲಿ ಕೂತ ಮೇಲೆ ಅವಳು, ವಿಲ್ಮಾ ಮನೆಗೆ ಹೋಗೋಣ ಅಂದಳು. ವಿಲ್ಮಾ ಅಂದರೆ ಹೋಬರ್ಟನ ಒಬ್ಬಳೇ ಮಗಳು. ಅಗ್ಗದ ಸಾಮಾನಿನ ಅಂಗಡಿಯೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾಳೆ. ನನಗೆ ಇಷ್ಟವಿರಲಿಲ್ಲ. ಟ್ವೈಲಾಳ ಮೇಲಿನ ಸಿಟ್ಟು ನನಗಿನ್ನೂ ಆರಿರಲಿಲ್ಲ. ಆದರೂ ಗಾಡಿ ಆ ಕಡೆ ತಿರುಗಿಸಿದೆ.

ವಿಲ್ಮಾ ಮುಂಬಾಗಿಲ ಜಗುಲಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಟ್ವೈಲಾ ಮೆಟ್ಟಿಲ ಕೆಳಗೆ ನಿಂತೇ ಹೇಳಿದಳು. ನೀರು, ನೀಲಿ ಬಣ್ಣ, ಆರು ವಾರ. ಏನನ್ನೂ ಬಿಡಲಿಲ್ಲ. ತನ್ನ ಸೊಂಟದ ನೋವಿನ ಸುದ್ದಿ ಮಾತ್ರ ಎತ್ತಲಿಲ್ಲ. ವಿಲ್ಮಾಳ ಕೈ ಬೀನ್ಸ್ ಮುರಿಯುತ್ತಲೇ ಇತ್ತು. ಎಲ್ಲ ಕೇಳಿದ ಮೇಲೆ ನಿಂತಿತು.

"ನಾನ್ ನಿನ್ನ ಕ್ಷಮಿಸಲ್ಲ," ಅಂದಳು.

"ಕೇಳೋಕೆ ಬಂದಿಲ್ಲ," ಅಂದಳು ಟ್ವೈಲಾ.

ವಿಲ್ಮಾ ನನ್ನ ಕಡೆ ನೋಡಿ, ನೀನು ಅಲ್ಲೇ ಇದ್ದೆಯಲ್ಲ, ಗೊತ್ತಾಗಲಿಲ್ಲವಾ ಅಂದಳು. ನೋವು ಗೊತ್ತಾಯಿತು, ಕಾರಣ ಗೊತ್ತಾಗಲಿಲ್ಲ, ಪೆಲ್‌ಫ್ರಿಗೆ ಮೂರು ಸಲ ಹೇಳಿದೆ ಅಂದೆ.

"ಅವ್ನು ಏನಂದ?"

"ಮತಿಭ್ರಮೆ ಅಂದ."

ಅವಳು ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕಿಟ್ಟಳು.

"ನಂಗೂ ಹಂಗೇ ಅಂದ," ಅಂದಳು. "ಅಪ್ಪ ನನ್ ಕೈ ಹಿಡ್ಕೊಂಡು, ವಿಲ್ಲಿ, ಇವ್ರು ನಂಗೆ ಔಷಧಿ ಕೊಡ್ತಿಲ್ಲ ಕಣೆ, ಬರೀ ನೀರ್ ಕೊಡ್ತಾರೆ ಅಂದ. ಸಕ್ಕರೆ ನೀರ್ ಯಾವ್ದು, ಸಾರಾಯಿ ಯಾವ್ದು ಅಂತ ನಾಲಿಗೇಲೇ ಹೇಳ್ತಿದ್ದೋನು ಅವ್ನು. ನಾನು ಪೆಲ್‌ಫ್ರೀನ ಕೇಳ್ದೆ. ಮತಿಭ್ರಮೆ, ಪಾಪ, ನೀವ್ ಧೈರ್ಯ ತಗೊಳ್ಳಿ ಅಂದ. ಒಳಗ್ ಹೋಗಿ ಅಪ್ಪಂಗೆ ಬೈದೆ. ಒಳ್ಳೇ ಜನ ನೋಡ್ಕೊತಾವ್ರೆ, ಸುಮ್ ಸುಮ್ನೆ ದೂರಬೇಡ, ಬಾಯ್ ಮುಚ್ಕೊಂಡ್ ಮಲ್ಕೊ ಅಂದೆ. ಆಮೇಲೆ ಅವ್ನು ನನ್ ಮುಂದೆ ಬಾಯಿ ಬಿಡ್ಲೇ ಇಲ್ಲ."

ಅವಳು ಅಳಲಿಲ್ಲ. ಅತ್ತವಳು ನಾನು. ಟ್ವೈಲಾ ಮೆಟ್ಟಿಲ ಮೇಲೆ ಕೂತಳು. ನಾವು ಮೂವರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಕದ್ದವಳಿಗೆ ಅವಳ ಪಾಲಿನ ತಪ್ಪು ಇತ್ತು. ಹೇಳಿ ಸುಮ್ಮನಾದ ನನಗೆ ನನ್ನ ಪಾಲು ಇತ್ತು. ಏನೂ ತಿಳಿಯದ ಮಗಳಿಗೂ ಒಂದು ಪಾಲು ಬಂದಿತ್ತು. ಪಾಲೇ ಇಲ್ಲದವನು ಒಬ್ಬನೇ. ಆ ಪೆಲ್‌ಫ್ರಿ ಬೆಟ್ಟದ ಮೇಲೆ ತನ್ನ ಕೋಣೆಗೆ ಬೀಗ ಹಾಕಿಕೊಂಡು ಊಟಕ್ಕೆ ಹೊರಟಿದ್ದಿರಬೇಕು.

ಹೊರಡುವಾಗ ವಿಲ್ಮಾ ಒಂದು ಮಾತು ಕೇಳಿದಳು. ಆ ಮಂಡಳಿಯವರು ನನ್ನ ಮಾತು ಕೇಳುತ್ತಾರಾ ಅಂತ.

ಕೇಳಿದರು. ವಿಚಾರಣೆ ಕಂಪ್ಯೂಟರಿನಲ್ಲೇ ನಡೆಯಿತು. ಗ್ರಂಥಾಲಯದ ಒಂದು ಮೂಲೆಯಲ್ಲಿ ಟ್ವೈಲಾ, ನಾನು, ವಿಲ್ಮಾ ಒತ್ತಿಕೊಂಡು ಕೂತೆವು. ಪರದೆಯ ಮೇಲೆ ನದಿಯಾಚೆಯ ಮಂಡಳಿಯ ಐದು ಮುಖಗಳು. ಅವರು ಕೆಟ್ಟವರಾಗಿ ಕಾಣಲಿಲ್ಲ. ಒಬ್ಬಳಂತೂ ಕಣ್ಣು ಒರೆಸಿಕೊಂಡಳು. ವಿಲ್ಮಾ ತನಗೆ ಗೊತ್ತಿದ್ದದ್ದೆಲ್ಲ ಹೇಳಿದಳು, ಪೆಲ್‌ಫ್ರಿ ಬಾಟಲಿ ಸುರಿದದ್ದನ್ನು ನಾನು ಹೇಳಿದೆ. ಇವಳನ್ನು ನಾನು ಕ್ಷಮಿಸಿಲ್ಲ, ಆದರೆ ನಮ್ಮಪ್ಪ ಸುಳ್ಳು ಹೇಳಲಿಲ್ಲ ಅಂತ ನನಗೆ ತಿಳಿಸಿದವಳು ಇವಳೊಬ್ಬಳೇ ಅಂತ ವಿಲ್ಮಾ ಕೊನೆಗೆ ಅಂದಳು. ಪೆಲ್‌ಫ್ರಿಯನ್ನು ಯಾರು ಕರೆಸಿ ಕೇಳುತ್ತಾರೆ ಅಂತಲೂ ಕೇಳಿದಳು.

ಮಧ್ಯದಲ್ಲಿ ಕೂತವರು ಬೇಜಾರಿನಿಂದಲೇ ಉತ್ತರ ಕೊಟ್ಟರು. ನಮ್ಮ ಅಧಿಕಾರ ನರ್ಸಿನ ಲೈಸೆನ್ಸಿಗೆ ಮಾತ್ರ. ಆಡಳಿತಾಧಿಕಾರಿ ನರ್ಸ್ ಅಲ್ಲ. ಆಶ್ರಮ ಬೇರೆ ರಾಜ್ಯದ್ದು.

ತೀರ್ಪು ಬಂತು. ಟ್ವೈಲಾಳಿಗೆ ಲೈಸೆನ್ಸ್ ಕೊಡುತ್ತೇವೆ, ಆದರೆ ಇನ್ನೂ ಎರಡು ವರ್ಷ ನಮ್ಮ ನಿಗಾದಲ್ಲಿ ಇರಬೇಕು. ಅವಳ ಪ್ರಾಮಾಣಿಕತೆಯನ್ನು ಮೆಚ್ಚಿದ್ದೇವೆ ಅಂತಲೂ ಬರೆದಿದ್ದರು. ನಿಗಾದಲ್ಲಿರುವ ನರ್ಸನ್ನು ತೆಗೆದುಕೊಳ್ಳಲು ನಮ್ಮ ಆಸ್ಪತ್ರೆಯ ನಿಯಮ ಬಿಡುವುದಿಲ್ಲ ಅಂತ ಆ ಒಳ್ಳೆಯ ಮುಖ್ಯ ನರ್ಸ್ ಫೋನ್ ಮಾಡಿ ಹೇಳಿದಳು. ಪೆಲ್‌ಫ್ರಿಯ ಬಗ್ಗೆ ನಮ್ಮ ರಾಜ್ಯಕ್ಕೆ ನಾವು ಕೊಟ್ಟ ದೂರಿಗೆ, ಪರಿಶೀಲಿಸುತ್ತೇವೆ ಅನ್ನುವ ಒಂದು ಸಾಲು ಬಂತು. ಆಮೇಲೆ ಏನೂ ಬರಲಿಲ್ಲ. ಶಾಲೆ ಶುರುವಾಯಿತು.

ಡಾರ್ಸಿಗೆ ಟ್ವೈಲಾ ನನ್ನ ಮನೆಯಿಂದಲೇ ಫೋನ್ ಮಾಡಿದಳು. ಈ ವರ್ಷ ಬರಲು ಆಗುವುದಿಲ್ಲ ಅಂದಳು. ಯಾಕೆ ಅಂತಲೂ ಹೇಳಿದಳು. ಹನ್ನೊಂದು ವರ್ಷದ ಮಗುವಿಗೆ ಎಷ್ಟು ಹೇಳಬೇಕೋ ಅಷ್ಟು ಅಲ್ಲ, ಎಲ್ಲವನ್ನೂ. ನಾನು ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ.

"ನೀನು ಹೇಳದೆ ಇದ್ದಿದ್ರೆ ಬರ್ತಿದ್ದೆ ಅಲ್ವಾ?" ಅಂತ ಮಗು ಕೇಳಿತು. ನನಗೂ ಕೇಳಿಸಿತು.

"ಹೂಂ, ಬರ್ತಿದ್ದೆ."

ಫೋನ್ ಇಟ್ಟ ಸದ್ದಾಯಿತು. ಮಗು ಇಟ್ಟಿತೋ, ಅಜ್ಜಿ ಕಿತ್ತುಕೊಂಡಳೋ ಗೊತ್ತಿಲ್ಲ. ಟ್ವೈಲಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಸಿಟ್ಟು ಅವತ್ತು ಹೋಯಿತು. ಹೋಬರ್ಟನ ನೋವು ಹೋಗಲಿಲ್ಲ, ಸಿಟ್ಟು ಮಾತ್ರ ಅವಳನ್ನು ಬಿಟ್ಟು ಸರಿಯಾದ ಜಾಗ ಹುಡುಕಿಕೊಂಡು ಹೋಯಿತು.

ಮುಂದಿನ ಭಾನುವಾರ ಆಶ್ರಮಕ್ಕೆ ಹೋಗೋಣ ಬನ್ನಿ ಅಂತ ವಿಲ್ಮಾಳೇ ನಮ್ಮನ್ನು ಕರೆದಳು. ಚರ್ಚು ಬಿಟ್ಟ ಮೇಲೆ ಆಶ್ರಮದ ಮುಂಗೋಣೆ ತುಂಬಿರುತ್ತದೆ. ತಾಯಿಯನ್ನು, ತಂದೆಯನ್ನು ನೋಡಲು ಬಂದವರು, ಕರಿದ ಕೋಳಿಯ ಡಬ್ಬ ಹಿಡಿದವರು, ಹಬ್ಬದ ಬಟ್ಟೆಯಲ್ಲಿ ತೂಕಡಿಸುವವರು. ಎಲ್ಲರೂ ನಮ್ಮ ಕಣಿವೆಯವರೇ. ವಿಲ್ಮಾ ನಡುವೆ ನಿಂತು, ನಾನು ಹೋಬರ್ಟ್ ಸ್ಟಿಲ್ಟ್ನರ್‌ನ ಮಗಳು ಅಂದಳು. ಅಪ್ಪ ತನಗೆ ಹೇಳಿದ್ದನ್ನೂ ತಾನು ಅಪ್ಪನಿಗೆ ಅಂದದ್ದನ್ನೂ ಹೇಳಿದಳು. ಆಮೇಲೆ ಪಕ್ಕಕ್ಕೆ ಸರಿದು ಟ್ವೈಲಾಳಿಗೆ ಜಾಗ ಕೊಟ್ಟಳು.

ಟ್ವೈಲಾ ಹೇಳಿದಳು. ಯಾರೋ ಒಬ್ಬ ಅವಳಿಗೆ ಕೆಟ್ಟ ಮಾತು ಬೈದ. ಅವಳು ತಲೆ ತಗ್ಗಿಸಲಿಲ್ಲ, ನೀವು ಬೈಯುವುದು ಸರಿ ಅಂದಳು, ಮುಂದುವರಿಸಿದಳು. ಸಿಂಕಿಗೆ ಸುರಿದ ಬಾಟಲಿಯವರೆಗೂ ಹೇಳಿ ನಿಲ್ಲಿಸಿದಳು.

ಪೆಲ್‌ಫ್ರಿ ಒಳಗಿನಿಂದ ಬಂದ. ಚರ್ಚಿಗೆ ಹಾಕಿಕೊಂಡಿದ್ದ ಕೋಟು ಇನ್ನೂ ಮೈಮೇಲಿತ್ತು. ಇದು ಖಾಸಗಿ ಜಾಗ, ಹೊರಗೆ ನಡೆಯಿರಿ, ಇಲ್ಲದಿದ್ದರೆ ಪೊಲೀಸ್ ಷರೀಫನನ್ನು ಕರೆಸುತ್ತೇನೆ ಅಂದ. ಷರೀಫನ ಅತ್ತೆ ಎರಡನೇ ಮಹಡಿಯಲ್ಲಿದ್ದಾಳೆ, ಕರೆಸು, ಅವನೂ ಕೇಳಲಿ ಅಂದೆ. ಯಾರೋ ನಕ್ಕರು. ಆ ನಗುವಿನಲ್ಲಿ ಖುಷಿ ಇರಲಿಲ್ಲ.

ಕಿಟಕಿಯ ಹತ್ತಿರ ಕೂತಿದ್ದ ಹಳೆಯ ಗಣಿ ಕೆಲಸಗಾರನೊಬ್ಬ ಎದ್ದ. ಅವನ ಹೆಸರು ನನಗೆ ಗೊತ್ತಿಲ್ಲ, ಅವನ ತಾಯಿಯ ಹೆಸರು ಗೊತ್ತು, ಬೆಸ್ಸಿ. ಒಂದು ವರ್ಷ ಅವಳ ಬೆನ್ನು ಒರೆಸಿದ್ದೇನೆ.

"ನಮ್ಮವ್ವ ನೋವು ನೋವು ಅಂತಾಳೆ," ಅಂದ. "ನೀವು ಮತಿಭ್ರಮೆ ಅಂದ್ರಿ. ಹೋಗಿ ಅವಳ ಔಷಧಿ ಬಾಟ್ಲಿ ತಗೊಂಡ್ ಬನ್ನಿ. ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಬಂದ್ ಪರೀಕ್ಷೆ ಮಾಡ್ಲಿ."

ನಮ್ಮಪ್ಪನದೂ ತನ್ನಿ ಅಂತ ಇನ್ನೊಬ್ಬಳು ಎದ್ದಳು. ನಮ್ಮ ಅಜ್ಜಿಯದೂ ಅಂತ ಹಿಂದಿನಿಂದ ಒಂದು ದನಿ. ಗೋಡೆಗೆ ಒರಗಿದ್ದ ಆಯಾಗಳು, ನನ್ನ ಕೆಲಸ ಹೋದಂದಿನಿಂದ ನನ್ನ ಜೊತೆ ಮಾತಾಡಲು ಹೆದರುತ್ತಿದ್ದವರು, ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದೆ ನಿಂತರು.

ಪೆಲ್‌ಫ್ರಿ ಸುತ್ತ ನೋಡಿದ. ಎಲ್ಲೂ ದಾರಿ ಕಾಣದೆ ಕೊನೆಗೆ ಟ್ವೈಲಾಳ ಕಡೆ ನೋಡಿದ. ಐದು ವರ್ಷ ಅಭ್ಯಾಸವಾದ ನೋಟ ಅದು. ಯಾರು ಬರದಿದ್ದರೂ ಇವಳು ನಿಲ್ಲುತ್ತಾಳೆ ಅನ್ನುವ ನೋಟ.

"ಟ್ವೈಲಾ, ನೀವಾದ್ರೂ ಇವ್ರಿಗೆ ಹೇಳಿ," ಅಂದ.

"ನಂದು ಹೇಳಾಯ್ತು," ಅಂದಳು ಟ್ವೈಲಾ. "ಈಗ ನೀವ್ ಹೇಳಿ."

ಯಾರೋ ಒಂದು ಕುರ್ಚಿ ಎಳೆದು ಅವನ ಹಿಂದೆ ಇಟ್ಟರು. ಉಳಿದವರು ಬಾಗಿಲಿಗೆ ಅಡ್ಡವಾಗಿ ಕೂತುಕೊಂಡು ಕಾಯತೊಡಗಿದರು.